ಮೋಡದ ತಪ್ಪಿಗೆ ನೇರಳೆ ಮರಕ್ಕೆ ನೋಟಿಸು

ಸೌರ ವಿದ್ಯುತ್ ಯೋಜನೆಯ ಮಾನ್ಯ ಅಧಿಕಾರಿಗಳೇ,

‘ಸೂರ್ಯ ಯಾರ ಮಾಳಿಗೆಯನ್ನೂ ಮರೆಯುವುದಿಲ್ಲ’ ಎಂಬ ಸಾಲೊಂದು ಅರೆಬರೆ ನೆನಪಿದೆ. ಯಾವುದೋ ಪದ್ಯದಲ್ಲಿ ಓದಿದೆನೋ, ನಿಮ್ಮ ಕರಪತ್ರದಲ್ಲೋ, ಈಗ ಹೇಳಲಾರೆ. ಪದ್ಯದ್ದಾದರೆ ತಕರಾರಿಲ್ಲ, ಕವಿಗಳು ಸಹಾಯಧನ ಹಂಚುವುದಿಲ್ಲ. ನಿಮ್ಮದಾದರೆ ಒಂದು ಪ್ರಶ್ನೆ: ವರ್ಷದ ಮುಕ್ಕಾಲು ಪಾಲು ಮೋಡ ಹೊದ್ದು ಮಲಗುವ ನಮ್ಮೂರನ್ನು ಸೂರ್ಯ ಮರೆತರೆ, ಅದಕ್ಕೆ ಪಕ್ಕದ ಮನೆಯ ಮರವನ್ನು ಏಕೆ ಕಡಿಯಬೇಕು?

ಕಳೆದ ವರ್ಷ ನಿಮ್ಮ ಮಾತು ನಂಬಿ, ನಿಮ್ಮ ಸಹಾಯಧನ ಪಡೆದು ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದೆ. ಹಾಕಿದ ಹಣ ಐದೇ ವರ್ಷದಲ್ಲಿ ಮರಳುತ್ತದೆ ಎಂದಿರಿ. ಬೇಸಿಗೆಯಲ್ಲಿ ಫಲಕಗಳು ನಿಮ್ಮ ಮಾನ ಉಳಿಸಿದವು. ಆಮೇಲೆ ಮೋಡ ಬಂದು ಕೂತಿತು. ಮೋಡದಲ್ಲೂ ಕರೆಂಟು ಹುಟ್ಟುತ್ತದೆ, ಸುಳ್ಳಲ್ಲ. ಎರಡು ಫ್ಯಾನು, ನಾಲ್ಕು ದೀಪಕ್ಕೆ ಸಾಕು. ಮಿಕ್ಕಿದ್ದಕ್ಕೆ ಎಂದಿನಂತೆ ಬಿಲ್ಲು ಬರುತ್ತದೆ. ನಮ್ಮತ್ತೆಯಂತೂ ಬೆಳಿಗ್ಗೆ ಎದ್ದು ಆಕಾಶ ನೋಡಿ, “ನಿನ್ನ ಕನ್ನಡಿಗಳು ಇವತ್ತೂ ರಜಾ ಹಾಕಿದಾವೆ ಕಣೇ” ಎನ್ನುತ್ತಾರೆ.

ದೂರು ಕೊಟ್ಟೆ. ನಿಮ್ಮ ಇಂಜಿನಿಯರ್ ಬಂದರು, ಮಾಳಿಗೆ ಹತ್ತಿದರು, ನೆತ್ತಿಯ ಮೇಲಿನ ಮೋಡವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದರು. ಕಡೆಗೆ ಪಕ್ಕದ ಮನೆಯ ನೇರಳೆ ಮರದತ್ತ ಬೆರಳು ತೋರಿಸಿ, “ನೆರಳು ಮೇಡಂ, ಅದೇ ಪ್ರಾಬ್ಲಂ” ಎಂದರು.

“ಎಲ್ಲಿದೆ ನೆರಳು? ನಿಮ್ಮದೂ ಬಿದ್ದಿಲ್ಲ, ನನ್ನದೂ ಬಿದ್ದಿಲ್ಲ.”

“ಬಿಸಿಲಿದ್ರೆ ಬೀಳುತ್ತಲ್ವಾ?”

“ಬಿಸಿಲಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ? ಮೋಡ ಅಂತ ಬರ್ಕೊಳ್ಳಿ.”

ಅವರು ಪಾಪ, ದನಿ ತಗ್ಗಿಸಿದರು. “ಮೋಡ ಅಂದ್ರೆ ಸಾಹೇಬ್ರು ಒಪ್ಪಲ್ಲ ಮೇಡಂ. ಅದಕ್ಕೆ ನೋಟಿಸ್ ಕೊಡೋಕಾಗಲ್ಲ.”

ಮೋಡಕ್ಕೆ ಕೊಡಲಾಗದ ನೋಟಿಸು ಮರಕ್ಕೆ ಬಂತು. ತಿಂಗಳೊಳಗೆ ಕಡಿಯದಿದ್ದರೆ ನನ್ನ ಸಹಾಯಧನ ವಾಪಸು. ಆ ಮರ ನಿವೃತ್ತ ಬಸ್ ಚಾಲಕರೊಬ್ಬರದು. ಸೊಂಟ ಮುರಿದು ಮಲಗಿದ್ದ ಅವರ ಹೆಂಡತಿ ಈಗ ದಿನಾ ಬಾಗಿಲಿನಿಂದ ಆ ಮರದವರೆಗೆ ನಡೆಯುತ್ತಾರೆ, ಕಾಂಡಕ್ಕೆ ಕೈಯೂರಿ ನಿಂತು ಸುಧಾರಿಸಿಕೊಂಡು ಹಿಂದಿರುಗುತ್ತಾರೆ. ಮರ ಹೋದರೆ ಅವರು ಎಲ್ಲಿಯವರೆಗೆ ನಡೆಯಬೇಕು? ನಿಮ್ಮ ಕಚೇರಿಯವರೆಗೆ? ಬಿಸಿಲಿದ್ದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನೇ ಮಾಳಿಗೆಯಲ್ಲಿದ್ದು ನೋಡಿದ್ದೇನೆ, ಅದರ ನೆರಳು ನಮ್ಮ ನೀರಿನ ಟ್ಯಾಂಕು ದಾಟುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಚಾಲಕರು ಸರ್ಕಾರಿ ಮೊಹರನ್ನೇ ನಂಬುತ್ತಾರೆ. ನನ್ನನ್ನು ಕಂಡರೆ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ, ನಮ್ಮ ಕರೆಂಟನ್ನು ತಾವೇ ಕದ್ದವರಂತೆ.

ಐದರ ಬದಲು ಹತ್ತು ವರ್ಷ ಎಂದಿದ್ದರೂ ನಾನು ಫಲಕ ಹಾಕಿಸುತ್ತಿದ್ದೆ. ಮಂಕು ಹಗಲೂ ಒಂದು ದೀಪ ಉರಿಸಬಲ್ಲದು ಎನ್ನುವುದೇ ನನಗೆ ದೊಡ್ಡ ವಿಷಯವಾಗಿತ್ತು. ಆದರೆ ನೀವು ಯಾವ ಊರಿನ ಬಿಸಿಲನ್ನು ನಂಬಿ ಲೆಕ್ಕ ಹಾಕಿದಿರಿ? ನಿಮ್ಮ ಕಚೇರಿಯ ಕಿಟಕಿಗೆ ಬೀಳುವ ಬಿಸಿಲೇ ನಾಡಿಗೆಲ್ಲ ಬೀಳುತ್ತದೆಂದುಕೊಂಡಿರಾ?

ಮರದ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ. ಹಿಂತೆಗೆದುಕೊಂಡೆವೆಂದು ಚಾಲಕರ ಮನೆಗೆ ಖುದ್ದಾಗಿ ಬಂದು ಹೇಳಿ. ಮುಂದೆ ಈ ಊರಿನವರಿಗೆ ಆಸೆ ಹುಟ್ಟಿಸುವಾಗ ಈ ಊರಿನ ಆಕಾಶದ ಲೆಕ್ಕವನ್ನೇ ಕೊಡಿ. ಮೋಡವಿದೆ ಎಂದು ಒಪ್ಪಿಕೊಂಡರೆ ಯಾರ ಕುರ್ಚಿಯೂ ಹೋಗುವುದಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ‘ವಿದ್ಯುತ್ ಉತ್ಪಾದಕಿ’,
ಮನೆಯಲ್ಲಿ ಆಕಾಶ ನೋಡುತ್ತ ಕೂತವಳು

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಚಾಲಕರು ಬಾಗಿಲಿಗೆ ಬಂದರು. ಗಡುವು ಹತ್ತಿರವಾಯಿತೆಂದು, ಮರ ಕಡಿಯುವವನನ್ನು ಗೊತ್ತುಮಾಡಲು ಹೋಗಿದ್ದರಂತೆ. ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದರು: “ಈ ಜಿಟಿಜಿಟೀಲಿ ಕೊಂಬೆ ಜಾರುತ್ತೆ, ಹತ್ತಲ್ಲ ಅಂದ ಕಣಮ್ಮ. ಒಂದು ವಾರ ಸರಿಯಾಗಿ ಬಿಸಿಲು ಬಿದ್ಮೇಲೆ ಬರ್ತಾನಂತೆ. ಅದನ್ನ ಕೇಳಿ ನಮ್ಮನೆಯವಳು ನಗ್ತಾ ಎದ್ದು, ಮರದ ತನಕ ನಡ್ಕೊಂಡು ಹೋದ್ಲು.”