ಬುಧವಾರದ ಸಾಲ್ಮನ್

ನವೆಂಬರ್ ೫, ಬುಧವಾರ. ಸಂಜಿ ೬.೧೫

ಉಂಡಾತು. ಎರಡು ಚಪಾತಿ, ಮಟಕಿ ಉಸಳ್. ಆಫೀಸಿಂದ ಬಂದು ಕೈಕಾಲು ತೊಳದು, ಅಡಗಿ ಮಾಡಿ, ಹೊತ್ತು ಮುಳುಗೂದ್ರಾಗ ತಿಂದು ಮುಗಸೂದಂದ್ರ ಒಂದು ಓಟ. ಇವತ್ತೂ ಗೆದ್ದೆ.

ಮನಿಯಾಗ ಯಾರೂ ಇಲ್ಲ. ಬುಧವಾರ ಅಲ್ಲ? ಲಖನ್ ಮಗ್ಗದ ರಿಪೇರಿ ಮುಗಿಸಿ, ಅತ್ತಿ ಕಾಂಡಿಗೆ ನೂಲು ಸುತ್ತೂ ಕೆಲಸ ಮುಗಿಸಿ, ತಾಯಿ-ಮಗ ಸೀದಾ ಅತ್ತಿ ತಂಗಿ ಬಾಳವ್ವ ಮಾವಶಿ ಮನಿಗೆ. ಎರಡ ಗಲ್ಲಿ ಆಚೆ. ಬುಧವಾರ, ರವಿವಾರ ನಮ್ಮೂರು ಕೊರೋಚಿಗೆ ಮೀನ ಬರತೈತಿ. ಮಾವಶಿ ಮಾಡ್ತಾಳ, ಇವರು ತಿಂತಾರ. ಬಾಯಿ ತೊಳಕೊಂಡು, ಬಡೇಸೋಪು ಅಗಕೋತ ಒಂಬತ್ತಕ್ಕ ಬರತಾರ. ನನಗ ವಾಸನಿ ಬಡೀಬಾರದಂತ.

ಎಲ್ಲಾ ನನ್ನ ಸಲುವಾಗಿ! ಜೈನರ ಹುಡುಗಿ ಬಂದಾಳಂತ ಮದುವಿ ಮರುದಿನಾನ ಅತ್ತಿ ಮೀನಿನ ತವಾ ತಂಗಿಗೆ ಕೊಟ್ಟುಬಿಟ್ರು. ನಾ ಏನರ ಕೇಳಿದ್ನೇನು?

ಟೀವಿ ಹಚ್ಚಿದೆ. ಬಂದ್ ಮಾಡಿದೆ. ಎರಡ ಖೋಲಿ ಮನಿ, ಒಬ್ಬಾಕಿಗೆ ಅದೂ ಭಾಳ ಆಗತೈತಿ.

ನವೆಂಬರ್ ೭, ಶುಕ್ರವಾರ

ಮಧ್ಯಾಹ್ನ ಅವ್ವನ ಫೋನ್. ಅಪ್ಪ ಹೊಲಕ್ಕ ಹೋದಾಗಷ್ಟ ಮಾಡ್ತಾಳ. ದಾನೋಳಿ ತವರಮನಿಯಾಗ ನನ್ನ ಹೆಸರು ತಗೀಯೂಹಂಗಿಲ್ಲ. ಭೂಪಾಲ ಪಾಟೀಲರ ಮಗಳು ಬೌದ್ಧರ ಹುಡುಗನ್ನ ಕೋರ್ಟಿನಾಗ ಮದುವಿ ಆದ್ಲು — ಮುಗೀತು ಕತಿ.

ಹೆಂಗದೀ, ಏನ ಮಾಡಾಕತ್ತೀ, ಏನೂ ಇಲ್ಲ. ಅವ್ವಂದು ಒಂದ ಪ್ರಶ್ನೆ.

"ಹೊತ್ತು ಮುಳುಗೂಕಿಂತ ಮೊದಲ ಉಣತೀ ಹೌದಲ್ಲ?"

"ಹೂಂ ಅವ್ವಾ."

"ಸಾಕು." ಇಟ್ಟಳು.

ಮನಿ ಬಿಟ್ಟೆ. ಬಸದಿ ಬಿಟ್ಟೆ. ಅಡ್ಡಹೆಸರು ಬಿಟ್ಟೆ. ಕೈಯಾಗ ಉಳದದ್ದು ಇದೊಂದು. ಇದನ್ನ ಬಿಡಾಕ ಆಗೂದಿಲ್ಲ.

ಸಂಜಿಗೆ ಆಫೀಸಿನಾಗ ಶುಭಾಂಗಿ ಒಂದು ರೀಲ್ ತೋರಿಸಿದ್ಲು. ಸ್ಪೈಸಿ ಸಾಲ್ಮನ್ ರೈಸ್ ಬೌಲ್. ಇಪ್ಪತ್ತು ನಿಮಿಷದಾಗ ರೆಡಿ. ಮೀನಂದ್ರ ನಾ ಮಾರಿ ತಿರವಾಕಿ... ತಿರವಲಿಲ್ಲ. ಯಾಕಂದ್ರ ಅದಕ್ಕ ಕಣ್ಣಿಲ್ಲ. ತಲಿ ಇಲ್ಲ, ಬಾಲ ಇಲ್ಲ, ಚರ್ಮ ಇಲ್ಲ. ಪಪ್ಪಾಯಿ ಹೋಳಿನಂಗ ಐತಿ.

ಅದನ್ನ ನಾ ಮಾಡಬಲ್ಲೆ ಅನಸ್ತು. ಬರದು ಇಡ್ತೇನಿ, ನಾಳೆ ನಾನ ಒಲ್ಲೆ ಅನಬಾರದು.

ನವೆಂಬರ್ ೯, ರವಿವಾರ. ರಾತ್ರಿ

ಕೋಲ್ಹಾಪುರಕ್ಕ ಹೋಗಿ ಬಂದೆ. ಮಾಲಿನಾಗ ಫ್ರೋಜನ್ ಕಡೆ ಸಾಲ್ಮನ್ ಸಿಕ್ತು, ಎರಡು ಪ್ಯಾಕೆಟ್ ತೊಗೊಂಡೆ. ಪ್ಯಾಕೆಟ್ ಮ್ಯಾಲೆ ಮೀನಿನ ಚಿತ್ರ ಇತ್ತು, ಕಣ್ಣಿನ ಸಮೇತ. ಉಲ್ಟಾ ಮಾಡಿ ಚೀಲದಾಗ ಹಾಕೊಂಡೆ. ಬಸ್ಸಿನಾಗ ಬಾಜೂಕ ಕುಂತಾಕಿ ದಾನೋಳಿ ಕಡೀ ಜೈನರಾಕಿ ಇದ್ದಂಗಿತ್ತು. ಇಚಲಕರಂಜಿ ಬರೂತನಕ ಚೀಲ ತೊಡಿ ಮ್ಯಾಲಿಂದ ಕೆಳಗ ಇಳಸಲಿಲ್ಲ.

ಲಖನ್‌ಗ ಹೇಳಿದೆ. ಮೊದಲ ನಕ್ಕ. ಆಮ್ಯಾಲ ನಗು ನಿಂತು.

"ಹುಚ್ಚ ಹಿಡದೈತೇನ ನಿನಗ? ಯಾರ ಹೇಳ್ಯಾರ ಇದನ್ನ ಮಾಡಂತ?"

"ಯಾರೂ ಹೇಳಿಲ್ಲ. ನೀವಿಬ್ಬರೂ ಬುಧವಾರ ಮನಿಯಾಗ ಉಣಬೇಕು. ಅಷ್ಟ."

"ಅಲ್ಲ, ನೀ ತಿನ್ನೂದಿಲ್ಲಲ್ಲ..."

"ನಾ ತಿನ್ನಾಂಗಿಲ್ಲ, ಮಾಡಾಕಿ. ಇನ್ನೊಬ್ಬರ ಮನ್ಯಾಗ ಕದ್ದು ತಿಂದಂಗ ತಿಂದು ಬರತೀರಿ. ನನಗ ಸೇರಾಂಗಿಲ್ಲ."

ಎದ್ದ. ಆಮ್ಯಾಲ ಫ್ರಿಜ್ಜಿನಾಗ ನನ್ನ ಪನೀರು ತಾನ ತಗದು ಕೆಳಗಿನ ಕಪಾಟಿನಾಗ ಇಟ್ಟ, ಮೀನಿನ ಪ್ಯಾಕೆಟ್ ಮ್ಯಾಲಿನ ಫ್ರೀಜರಿನಾಗ.

ನವೆಂಬರ್ ೧೨, ಬುಧವಾರ. ಸಂಜಿ ೬.೪೦

ಅರ್ಧಾ ತಾಸ ಮೊದಲ ಬಿಟ್ಟು ಬಂದೆ. ಅಕ್ಕಿ ಆಜರಾ ಊರ ಕಡೀ ಘನಸಾಳ, ಲಖನ್ ಗಡಹಿಂಗ್ಲಜಕ್ಕ ಮಗ್ಗ ನೋಡಾಕ ಹೋದಾಗ ತಂದದ್ದು. ಸಣ್ಣ ಕಾಳು, ಘಮಘಮ. ಮೊದಲ ನನ್ನ ಬೌಲ್ — ಅನ್ನ, ಪನೀರು, ಸೌತಿಕಾಯಿ, ಗಜ್ಜರಿ. ತಿಂದೆ. ಬೌಲ್ ತೊಳದು ಮ್ಯಾಲಿಟ್ಟೆ. ಆಮ್ಯಾಲ ಒಂದು ಪ್ಯಾಕೆಟ್ ಒಡದೆ.

ಜಾರತೈತಿ. ತಣ್ಣಗ. ಚಾಕು ಹಚ್ಚಿದ್ರ ಬೆಣ್ಣಿಯಂಗ ಹೋಗತೈತಿ, ಅದ ಭಾಳ ಹೇಸಿಕಿ ಬರಸ್ತು. ಬಾಯಿ ತಾನಾಗೇ ಣಮೋಕಾರ ಮಂತ್ರ ಹೇಳಾಕತ್ತು. ಮೀನ ಕೊಯ್ಯುವಾಗ! ತುಟಿ ಕಚ್ಚಿ ಸುಮ್ಮ ಆದೆ. ಎರಡ ಸಲ ಹಿತ್ತಲಕ್ಕ ಹೋಗಿ ಗಾಳಿ ತೊಗೊಂಡು ಬಂದೆ.

ರೀಲಿನಾಗ ಜೇನತುಪ್ಪ ಹಾಕ್ತಾಳ. ಅದಕ್ಕ ಮಾತ್ರ ಕೈ ಒಲ್ಲೆ ಅಂತು. ಜೇನ ನಾವು ಮುಟ್ಟೂದಿಲ್ಲ. ಮೀನ ಕೊಯ್ದಾಕಿ ಜೇನಿಗೆ ಹೆದರೂದು! ಒಬ್ಬಾಕೀನ ನಕ್ಕೆ. ಬೆಲ್ಲ ಹಾಕಿದೆ. ಸೋಯಾ ಸಾಸ್, ನಿಂಬಿಹಣ್ಣು, ಮತ್ತ ಅವರ ಚಿಲ್ಲಿ ಪೇಸ್ಟ್ ಬದಲಿ ಅತ್ತಿ ಕುಟ್ಟಿಟ್ಟ ಕಾಂದಾ-ಲಸೂಣ ಮಸಾಲಾ ಎರಡು ಚಮಚೆ; ಉಳ್ಳಾಗಡ್ಡಿ-ಬಳ್ಳೊಳ್ಳಿ, ಗಡ್ಡಿ-ಗೆಣಸು ದಾನೋಳಿ ಮನಿಯಾಗೂ ನಡೀತಿದ್ವು.

ಎಷ್ಟೊತ್ತು ಬೇಯಿಸಬೇಕು? ರೀಲಿನಾಗ ಹಾಡು ಹಚ್ಚಿ ಓಡಿಸಿಬಿಟ್ಟಾರ. ಬಟಾಟಿ ಹದಕ್ಕ ಬೇಯಿಸೇನಿ. ರುಚಿ ನೋಡಾಕ ಬರೂದಿಲ್ಲ. ಉಪ್ಪು ದೇವರ ಮ್ಯಾಲೆ.

ಅದ ದಿನ, ರಾತ್ರಿ ೯.೩೦

ಎಂಟಕ್ಕ ಬಂದ್ರು. ಅತ್ತಿ ಹೊಸ್ತಿಲದಾಗ ನಿಂತು ಮೂಗು ಏರಿಸಿದ್ರು. "ಏನಿದು?"

"ಮೀನರೀ ಅತ್ತಿ. ಕುಂಡ್ರಿ."

ಲಖನ್ ತಾಯಿ ಮಾರಿ ನೋಡಾಂವ, ನನ್ನ ಮಾರಿ ನೋಡಾಂವ. ಇಬ್ಬರೂ ಕುಂತ್ರು. ನಾ ಬೌಲ್ ಕೈಗೆ ಕೊಟ್ಟೆ, ಬಾಜೂಕ ನಿಂತೆ. ಮೀನ ಪುಡಿಪುಡಿ ಆಗಿತ್ತು, ಅನ್ನದಾಗ ಹುಡಕಬೇಕಿತ್ತು. ಲಖನ್ ಹುಡಕಿ ಹುಡಕಿ ತಿಂದ. "ಒಂದ್ ನಂಬರ್," ಅಂದ. ಸುಳ್ಳ.

ಅತ್ತಿ ಅರ್ಧಾ ಬೌಲ್ ತಿಂದ್ರು. ನನ್ನ ಕಡೆ ನೋಡಿದ್ರು, ನಿಂತದ್ದನ್ನ. "ನಿಂದು ಆತೇನು?"

"ಯಾವಾಗೋ ಆತ್ರಿ."

"ಹಂ." ಬೌಲ್ ಕೆಳಗಿಟ್ರು. "ಚಲೋ ಆಗೇತಿ," ಅಂದು ಎದ್ರು.

ಚಲೋ ಆಗಿದ್ರ ಅರ್ಧಾ ಯಾಕ ಬಿಡ್ತಿದ್ರು? ಮುಂದಿನ ಸಲ ಕಡಿಮಿ ಬೇಯಿಸಬೇಕು. ಅಂತೂ ಮನಿಯಾಗ ಉಂಡ್ರು. ಖುಷಿ ಆತು. ಭಾಳ ಅಲ್ಲ.

ನವೆಂಬರ್ ೧೯, ಬುಧವಾರ. ೮.೩೦

ಉಳದ ಪ್ಯಾಕೆಟ್ ತಗದು ಮಾಡಿ ಕುಂತೇನಿ. ಶುಭಾಂಗಿ ಕಡೆ ಕೇಳಿಕೊಂಡು, ಒಂದ ಬಾಜು ಮೂರು ನಿಮಿಷ, ತಿರವಿ ಮತ್ತ ಎರಡು. ಈ ಸಲ ಹೋಳು ಹೋಳಾಗೇ ಉಳದಾವು. ಬಣ್ಣ ನೋಡಿದ್ರ ಆಗೇತಿ ಅನಸ್ತೈತಿ.

ಲಖನ್ ಫೋನ್ ಮಾಡಿದ, ತಾಯಿ ಮಾತ ಹೇಳಾಕ. "ಆಯಿ ಮಾವಶಿ ಮನಿಗೆ ಹೋಗೂಣು ಅನ್ನಾಕತ್ತಾಳ... ನಾ ಏನ ಮಾಡ್ಲಿ?"

"ಹೋಗ್ರಿ," ಅಂದೆ. ಇಟ್ಟೆ.

ಮೈ ಉರಿಯಾಕತ್ತೈತಿ. ಕೈಯಿಂದ ಮೀನ ಕೊಯ್ದೇನಿ. ಮೂರ ಸಲ ಸಾಬಾಣ ಹಚ್ಚೇನಿ, ಇನ್ನೂ ನಾರತಾವು. ಇನ್ನ ಏನ ಬೇಕು ಆ ಮುದಕಿಗೆ?

ಎರಡೂ ಬೌಲ್ ಓಣಿ ಬೆಕ್ಕಿಗೆ ಹಾಕಿದೆ. ಅದು ಒಂದ ಚೂರೂ ಬಿಡಲಿಲ್ಲ.

ನವೆಂಬರ್ ೨೦, ಗುರುವಾರ. ರಾತ್ರಿ

ಕೇಳಿಬಿಟ್ಟೆ. ಲಖನ್ ಹೊರಗ ಗಾಡಿ ತೊಳಿಯಾಕತ್ತಿದ್ದ. ಅತ್ತಿ ಬಳ್ಳೊಳ್ಳಿ ಸುಲೀತಿದ್ರು. ನಾ ಎದುರಿಗೆ ಹೋಗಿ ನಿಂತೆ.

"ಅತ್ತಿ, ನನ್ನ ಕೈಯಿಂದ ಮಾಡಿದ್ದು ನಿಮಗ ಸೇರೂದಿಲ್ಲೇನು? ಬಾಯಿಬಿಟ್ಟು ಹೇಳ್ರಿ."

ಅತ್ತಿ ತಲಿ ಎತ್ತಲಿಲ್ಲ. "ಮೀನಿನ ಮಾತಲ್ಲವಾ ಇದು. ನೀ ಬಂದು ಏಳು ತಿಂಗಳಾತು. ಒಂದ ದಿನಾ ನಮ್ಮ ಕೂಡ ಕುಂತು ಉಂಡಿಲ್ಲ. ನಾವು ಬರೂದ್ರಾಗ ನಿಂದು ಮುಗದಿರತೈತಿ. ನೀ ನಿಂತು ನೀಡಾಕಿ, ನಾವು ಕುಂತು ತಿನ್ನಾವರು. ಖಾನಾವಳಿಯಾಗ ತಿಂದಂಗ ಆಗತೈತಿ. ಅದಕ್ಕ ತಂಗಿ ಮನಿ. ಅಲ್ಲಿ ನಾಕ ಮಂದಿ ಕೂಡಿ ಕುಂಡ್ರತೇವಿ."

"ಅಲ್ರೀ ಅತ್ತಿ, ಅದು ನಮ್ಮಲ್ಲಿ ಹೊತ್ತು ಮುಳುಗಿದ ಮ್ಯಾಲ..."

"ಗೊತ್ತೈತಿ. ನಿಮ್ಮ ಮಂದಿ ಹೊಲದಾಗ ಹತ್ತು ವರ್ಷ ದುಡದೇನಿ. ಹೊತ್ತು ಮುಳುಗೂಕಿಂತ ಮೊದಲ ಅವರು ಒಳಗ ಉಣ್ಣಾವರು. ನಮಗ ಹೊರಗ, ಮನಿಯಿಂದ ಒಯ್ದ ತಾಟಿನಾಗ, ಮ್ಯಾಲಿಂದ ನೀಡಾವರು. ಎರಡೂ ಪದ್ಧತಿ ನೋಡೇನಿ ನಾ." ಆಗ ಮಾರಿ ನೋಡಿದ್ರು. "ಅದರಾಗ ನೀ ಪಾಲಸೂದು ಯಾವದು ಅಂತ ನನಗ ಹೆಂಗ ಗೊತ್ತಾಗಬೇಕು?"

ಸಿಟ್ಟಿಲ್ಲ, ಏನಿಲ್ಲ. ಬಸ್ಸಿನ ಹೊತ್ತು ಕೇಳಿದಂಗ ಕೇಳಿದ್ರು. ಮತ್ತ ಬಳ್ಳೊಳ್ಳಿ ಸುಲಿಯಾಕತ್ರು.

ನನಗ ಭಾಳ ನಾಚಿಕಿ ಆತು. ಸಿಟ್ಟೂ ಬಂತು. ಯಾವದು ಮೊದಲ ಬಂತೋ ಗೊತ್ತಿಲ್ಲ.

ನವೆಂಬರ್ ೨೯, ಶನಿವಾರ

ಒಂಬತ್ತು ದಿನ ಏನೂ ಬರದಿಲ್ಲ. ಆರರೊಳಗ ಉಂಡೆ, ದಿನಾ. ಎಂಟಕ್ಕ ನೀಡಿದೆ, ಬುಧವಾರ-ರವಿವಾರ ಬಿಟ್ಟು ದಿನಾ. ನೀಡುವಾಗ ಈಗ ಕೈ ಎಲ್ಲಿ ಇಡಬೇಕಂತ ತಿಳಿಯೂದಿಲ್ಲ. ಚಮಚೆ ಮ್ಯಾಲಿಂದ ಹಿಡದ್ರ ಒಂದು ಅರ್ಥ, ತಾಟಿಗೆ ಹತ್ತಿದ್ರ ಒಂದು ಅರ್ಥ. ಕುಂತ್ರ ಅತ್ತಿ ನೋಡ್ತಾರ, ನಿಂತ್ರ ನೋಡ್ತಾರ.

ಲಖನ್‌ಗ ಹೇಳಿದೆ. "ಆಯಿಗೆ ನಾ ತಿಳಿಸಿ ಹೇಳ್ತೇನಿ," ಅಂದ. ಬ್ಯಾಡ ಅಂದೆ. ಮಾತಿನಾಗ ಹೇಳಿದ್ರ ಅತ್ತಿ ಹೂಂ ಅಂತಾರ. ಮತ್ತ ಅರ್ಧಾ ಬೌಲ್ ತಿಂದು ಏಳ್ತಾರ, ಅಷ್ಟ.

ಅಪ್ಪನ ಹೊಲದಾಗೂ ಆಳು ಇದ್ರು. ಅವರು ಎಲ್ಲಿ ಉಣತಿದ್ರು? ನೆನಪು ಮಾಡಕೊಂಡೆ. ಭಾವಿ ಕಡೆ. ನಾ ನೀರು ಒಯ್ದು ಹಾಕ್ತಿದ್ದೆ, ಮ್ಯಾಲಿಂದ.

ಅವ್ವನ ಫೋನ್ ಬಂತು. ಎತ್ತಲಿಲ್ಲ.

ಡಿಸೆಂಬರ್ ೩, ಬುಧವಾರ. ರಾತ್ರಿ ೭.೫೦

ಉಂಡಿಲ್ಲ.

ಆರು ಹೊಡೀತು. ಹೊತ್ತು ಮುಳುಗಿದ್ದು ಕಿಟಕಿಯಾಗ ನೋಡಿದೆ. ಹುಟ್ಟಿದಾಗಿಂದ ಎಂದೂ ಹಿಂಗ ಖಾಲಿ ಹೊಟ್ಟಿಲೆ ನೋಡಿದ್ದಿಲ್ಲ. ಏನೂ ಆಗಲಿಲ್ಲ. ಓಣಿಯಾಗ ದೀಪ ಹತ್ತಿದ್ವು, ಮಗ್ಗದ ಖಟಾಖಟ್ ನಡದ ಇತ್ತು.

ಲಖನ್‌ಗ ಮೆಸೇಜ್ ಹಾಕೇನಿ: ಇಬ್ಬರೂ ಮನಿಗೆ ಬರಬೇಕು, ನನ್ನ ಮ್ಯಾಲೆ ಆಣಿ. ಚಾಪಿ ಹಾಸಿ ಮೂರು ಬೌಲ್ ಇಟ್ಟೇನಿ. ಮೂರರಾಗೂ ಅದ ಅನ್ನ, ಅದ ಸೌತಿಕಾಯಿ, ಅದ ಖಾರ. ಎರಡರಾಗ ರವಿವಾರ ಮತ್ತ ಕೋಲ್ಹಾಪುರದಿಂದ ತಂದ ಸಾಲ್ಮನ್, ಒಂದರಾಗ ಪನೀರು. ಹೊಟ್ಟಿ ಚುರುಚುರು ಅನ್ನಾಕತ್ತೈತಿ. ಅವ್ವಗ ಇನ್ನ ಏನಂತ ಹೇಳಲಿ? ಸುಳ್ಳ ಹೇಳಾಕ ಆಗೂದಿಲ್ಲ. ಖರೇ ಹೇಳಾಕೂ—

ಗಾಡಿ ಸಪ್ಪಳ. ಬಂದ್ರು.

ಡಿಸೆಂಬರ್ ೪, ಗುರುವಾರ. ಸಂಜಿ ೫.೪೦

ಝುಣಕಾ ಒಲಿ ಮ್ಯಾಲೆ ಐತಿ. ಅದು ಆಗೂತನಕ ನಿನ್ನೆದು ಬರೀತೇನಿ.

ಅತ್ತಿ ಒಳಗ ಬಂದು ಚಾಪಿ ನೋಡಿದ್ರು. ಮೂರು ಬೌಲ್ ನೋಡಿದ್ರು. ಗಡಿಯಾರ ನೋಡಿದ್ರು. "ಉಂಡಿಲ್ಲೇನು?"

"ಇಲ್ರೀ."

ಲಖನ್ ಏನೋ ಅನ್ನಾಕ ಬಾಯಿ ತಗದ. ಅತ್ತಿ ಕೈ ಸನ್ನಿ ಮಾಡಿ ಸುಮ್ಮ ಕುಂಡ್ರಿಸಿದ್ರು. ಕೈಕಾಲು ತೊಳದು ಬಂದು ನನ್ನ ಬಾಜೂಕ ಕುಂತ್ರು, ಎದುರಿಗಲ್ಲ. ನಾ ಮೊದಲನೇ ಚಮಚೆ ಎತ್ತಿದೆ. ತಿಂದೆ. ಕತ್ತಲಾದ ಮ್ಯಾಲಿನ ಅನ್ನಕ್ಕೂ ಅದ ರುಚಿ ಐತಿ.

ಅತ್ತಿ ಪೂರ್ತಿ ಬೌಲ್ ತಿಂದ್ರು. ಸಾವಕಾಶ, ಹೋಳು ಬಿಡಿಸಿ ಬಿಡಿಸಿ. "ಸಾರಿಲ್ಲದ ಅನ್ನ ಯಾರ ತಿಂತಾರ ಪೋರಿ? ಖಾರ ಇನ್ನೊಂದೀಟು ಬೇಕಿತ್ತು," ಅಂದ್ರು. ಆಮ್ಯಾಲ ನನ್ನ ಬೌಲಿನಾಗಿಂದ ಒಂದು ಪನೀರ್ ತುಂಡು ಎತ್ತಿ ಬಾಯಾಗ ಹಾಕೊಂಡ್ರು. ಕೇಳಲಿಲ್ಲ, ಮಾಡಲಿಲ್ಲ. ನಾ ಅದ ಬೌಲಿನಾಗ ಉಳದದ್ದು ತಿಂದೆ. ನೋಡಕೋತ ಇದ್ರು, ನಾ ಮುಗಸೂತನಕ.

ಭಾಂಡಿ ತೊಳಿಯುವಾಗ ಅಳು ಬಂತು. ಅವ್ವನ ಸಲುವಾಗಿ. ನಳ ಜೋರ ಬಿಟ್ಟಿದ್ದೆ, ಆದ್ರೂ ಅತ್ತಿಗೆ ಕೇಳಿಸಿತು. ಬಂದು ಕೈಯಾಗಿನ ಬೌಲ್ ಕಸಕೊಂಡ್ರು. "ಇವತ್ತು ಕುಂತಿ, ನನಗ ತಿಳೀತು. ಸಾಕು. ನಾಳಿಂದ ನಿನ್ನ ಹೊತ್ತಿಗೆ ನೀ ಉಣ್ಣು. ನಿಮ್ಮ ಅವ್ವಗ ಸುಳ್ಳ ಹೇಳೂ ಪಾಳಿ ಬರಬಾರದು."

ಅವ್ವನ ಮಾತು ಲಖನ್ ಹೇಳಿರಬೇಕು. ಬ್ಯಾಡ ಅಂದ್ರೂ.

ಇವತ್ತು ಮತ್ತ ಒಬ್ಬಾಕಿ. ಇರಲಿ. ಇವತ್ತಿನ ಒಬ್ಬಾಕಿ ಬ್ಯಾರೆ. ಝುಣಕಾ ತಳ ಹತ್ತಾಕತ್ತೈತೇನು, ವಾಸನಿ ಬಂತು. ಇಳಿಸಿದೆ.

ಗೇಟ್ ಸಪ್ಪಳ. ಈ ಹೊತ್ತಿನಾಗ ಯಾರು?

ಅತ್ತಿ! ತಲಿತುಂಬ ನೂಲಿನ ದೂಳಿ. "ಮಾಲಕನ ಕಡೆ ಕೇಳಿ ಬಂದೇನಿ. ಚಹಾ ಕುಡಿಯೂ ಹೊತ್ತಿನಾಗ ಓಡಿ ಬಂದು ಓಡಿ ಹೋಗಾಕಿ," ಅಂದ್ರು. ನಾ ಪೆನ್ನ ಹಿಡಕೊಂಡ ಕುಂತೇನಿ, ಅವರು ತಾವ ತಾಟು ಹಚ್ಚಾಕತ್ತಾರ. ಎರಡು. ಕಿಟಕಿಯಾಗ ಹಣಕಿ ಹೊತ್ತು ನೋಡಿದ್ರು.

"ಏ ಪೋರಿ, ಬರಿಯೂದು ಸಾಕು! ಮುಳುಗಾಕತ್ತೈತಿ ಅಲ್ಲಿ, ಲಗೂ ಬಾ—"