ಸೋನುಬಾಯಿ ಹೊಲಿದ ಬಾವುಟ

೨೭ ಜುಲೈ ೧೯೪೭, ರವಿವಾರ. ಸಾಂಬ್ರಾಣಿ

ಮತ್ತೆ ಇಪ್ಪತ್ಮೂರೇ ಬಂತು. ಮೂರನೆಯ ಕಾಗದ ಹಾಳು. ಚಕ್ರಕ್ಕೆ ಇಪ್ಪತ್ನಾಲ್ಕು ಕಡ್ಡಿ ಇರಬೇಕು. ಹನ್ನೊಂದು ವರ್ಷ ಗಣಿತ ಕಲಿಸಿದವನ ಕೈ ಇದು! ಕಂಪಾಸಿನ ತಿರುಪು ಸಡಿಲವಾಗಿದೆ ಎಂದು ಅದರ ಮೇಲೆ ಹಾಕಿ ಪಾರಾದೆ.

ಪೇಪರಿನಲ್ಲಿ ಬಂದದ್ದು ಇಷ್ಟು — ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಮೊದಲಿನ ಬಾವುಟದ ರಾಟಿ ಹೋಗಿ ಚಕ್ರ ಬಂದಿದೆ. ಹದಿನೈದಕ್ಕೆ ಶಾಲೆಯ ಮುಂದೆ ಹಾರಬೇಕು. ಹಳಿಯಾಳದಲ್ಲಿ ಸಿದ್ಧ ಬಾವುಟ ಸಿಗುವುದಿಲ್ಲವಂತೆ. ಊರ ಸಮಿತಿಯ ಚನಬಸಪ್ಪ ಮೂರು ಬಣ್ಣದ ಖಾದಿ ತಂದು ನನ್ನ ಮೇಜಿನ ಮೇಲಿಟ್ಟರು. 'ಅಡಿವೆಯ್ಯ ಮಾಸ್ತರ, ಇನ್ನ ನೀವುಂಟು ಬಾವುಟ ಉಂಟು.' ಹೊರಟೇಬಿಟ್ಟರು. ನನಗೋ ಅಂಗಿಗೆ ಗುಂಡಿ ಹಚ್ಚಲೂ ಬರುವುದಿಲ್ಲ.

೩೦ ಜುಲೈ

ಹೊಲಿಯುವವರು ಸಿಕ್ಕರು. ಸಿದ್ದಿ ಕೇರಿಯ ಸೋನುಬಾಯಿ. ಸಿದ್ದಿಗಳ ಹಿರಿಯರು ಎಂದೋ ಆಫ್ರಿಕದಿಂದ ಬಂದವರಂತೆ. ಅವಳಷ್ಟು ಸಣ್ಣ ಹೊಲಿಗೆ ಈ ಸುತ್ತಿನಲ್ಲಿ ಯಾರದೂ ಇಲ್ಲ. ನಾನು ಹೊದೆಯುವ ಕೌದಿಯೂ ಅವಳದೇ. ಸುದ್ದಿ ಕೇಳಿ ತಾನೇ ಬಂದಳು.

'ನಾನ ಹೊಲೀತೇನ್ರಿ. ನಮ್ಮವರು ಇದಕ್ಕಂತನ ಜೇಲಿಗೆ ಹೋಗಿದ್ರು. ಬ್ಯಾರೇದವರ ಕೈಗೆ ಕೊಡಬ್ಯಾಡ್ರಿ.'

ಅವಳ ಗಂಡ ಪೆದ್ರು. ನಲವತ್ತೆರಡರಲ್ಲಿ ರಾಟಿ ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋದವನು. ಜೈಲಿನಿಂದ ಬರುವಾಗ ಕೆಮ್ಮು ಹಿಡಿದಿತ್ತು, ಮರುವರ್ಷ ತೀರಿಕೊಂಡ. ನಾನು ಈ ಊರಿಗೆ ಬರುವ ಮೊದಲಿನ ಮಾತು. ಅವಳು ಹೇಳುತ್ತಿದ್ದರೆ ಎಲ್ಲಿ ನೋಡಬೇಕೋ ತಿಳಿಯದೆ ಖಾದಿಯನ್ನೇ ಮಡಚುತ್ತ ಕೂತೆ.

೫ ಆಗಸ್ಟ್, ಸಂಜೆ

ಅಂತೂ ಸರಿಬಂದ ಚಕ್ರದ ಕಾಗದ ಕೊಟ್ಟು, ಸೋನುಬಾಯಿಯ ಕಟ್ಟೆಯಲ್ಲಿ ಕೂತು ಬಣ್ಣಗಳ ಪಾಠ ಹೇಳಿದೆ. ಮಕ್ಕಳಿಗೆ ಹೇಳುವ ಮುಂಚೆ ಒಂದು ಪ್ರಾಕ್ಟೀಸ್. ಕೇಸರಿ ಎಂದರೆ ತ್ಯಾಗ. ಬಿಳಿ, ಸತ್ಯ. ಹಸಿರು, ನೆಲ ಮತ್ತು ಬೆಳೆ. ಚಕ್ರ — ಧರ್ಮ, ನಿಲ್ಲದ ನಡಿಗೆ.

'ತ್ಯಾಗ ಅಂದ್ರ ಏನ್ರಿ?'

'ತನಗಂತ ಏನೂ ಇಟ್ಕೊಳ್ಳಾರದ್ದು.'

'ಹಂಗಾರ ನಮ್ಮ ಕೇರಿ ಪೂರಾ ಕೇಸರೀನ ಬಿಡ್ರಿ!'

ಒಳಗಿಂದ ಮಗಳು ರುಕ್ಮಾ ಕಿಸಕ್ಕನೆ ನಕ್ಕಳು. ನನ್ನ ಪಾಠ ಅಲ್ಲಿಗೇ ಮುಗಿಯಿತು.

ಆಮೇಲೆ ರಾಟಿ ಯಾಕೆ ತೆಗೆದರು ಎಂದು ಕೇಳಿದಳು. ಚಕ್ರ ಎರಡೂ ಬದಿಯಿಂದ ಒಂದೇ ಥರ ಕಾಣುತ್ತದೆ, ರಾಟಿ ಹಿಂದಿನಿಂದ ತಿರುಗುಮುರುಗು ಎಂದೆ. ಸೂಜಿಗೆ ದಾರ ಪೋಣಿಸಿದಳು. 'ಇರ್ಲಿ ಬಿಡ್ರಿ. ರಾಟಿ ಗಾಲಿಯರ ಉಳೀತಲ್ಲ.'

೧೨ ಆಗಸ್ಟ್

ಜ್ವರ. ಆರು ದಿನ ಮಲಗಿದ್ದೆ. ಹೊಲಿಗೆ ನೋಡಲು ಹೋಗಲಾಗಲಿಲ್ಲ.

ಇಂದು ಬಾವುಟ ತಂದಳು. ಬಿಚ್ಚಿ ನೋಡಿದೆ. ನಾಲ್ಕೂ ಮೂಲೆಗೆ ನೀಲಿ ಗೆರೆಯ ಬಟ್ಟೆಯ ಪುಟ್ಟ ತ್ರಿಕೋನಗಳು! ಇವರು ಕೌದಿಯ ಮೂಲೆಗೆ ಹೀಗೆ ಹಚ್ಚದೆ ಹೊಲಿಗೆ ಮುಗಿಸುವುದಿಲ್ಲ. 'ಫುಲಾ' ಅನ್ನುತ್ತಾರೆ. ನನ್ನ ಕೌದಿಗೂ ಇವೆ. ದಿನಾ ಹೊದೆಯುವವನಿಗೆ ಬಾವುಟಕ್ಕೆ ಇವು ಬೇಡ ಎಂದು ಮೊದಲೇ ಹೇಳಲು ಹೊಳೆಯಲಿಲ್ಲ.

'ಫುಲಾ ಇಲ್ಲಂದ್ರ ಬೆತ್ತಲಿ ಕಾಣ್ತೈತ್ರಿ. ಬೆತ್ತಲಿ ಕಳಸಲೇನು ಮ್ಯಾಲ?'

ಬಟ್ಟೆ ಪೆದ್ರುವಿನ ಅಂಗಿಯದು. ಮೆರವಣಿಗೆಯ ದಿನ ತೊಟ್ಟದ್ದು. 'ಅವರೂ ಒಂದೀಟು ಮ್ಯಾಲ ಹೋಗ್ಲಿ' ಎಂದಳು. ಚೆಂದ ಆಗಿದೆ ಎಂದುಬಿಟ್ಟೆ.

೧೩ ಆಗಸ್ಟ್

ಚನಬಸಪ್ಪ ನೋಡಿದರು. ಕೂಗಾಡಿದ್ದರೆ ಜಗಳವಾದರೂ ಆಡುತ್ತಿದ್ದೆ. ಮೆತ್ತಗೆ ಹೇಳಿದರು — 'ತೆಗಸ್ರಿ ಮಾಸ್ತರ. ಕೌದಿ ಅಲ್ಲ ಇದು. ರೂಲ್ ಅಂದ್ರ ರೂಲ್.' ಸರಿಯಾದ ಮಾತೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬ್ಲೇಡು ಹಿಡಿದು ಕೂತೆ. ಒಂದು ಹೊಲಿಗೆ ಕೊಯ್ದೆ. ಕಾಲರಿನ ತುಂಡು ಅದು, ಕುತ್ತಿಗೆಗೆ ಉಜ್ಜಿ ಉಜ್ಜಿ ಸವೆದದ್ದು… ಆಗಲಿಲ್ಲ. ಮಡಚಿಟ್ಟೆ. ನಾಳೆ ಅವಳಿಗೆ ನಾನೇ ಹೇಳಬೇಕು. ಹೆದರಿಕೆಯಾಗುತ್ತಿದೆ.

೧೪ ಆಗಸ್ಟ್, ಮಧ್ಯಾಹ್ನ

ಹೇಳಿದೆ. ಅಳತೆ, ರೂಲು, ಪೇಪರು — ಏನೇನೋ ಒದರಿದೆ. ಅವಳು ಕೇಳಿದ್ದು ಇಷ್ಟೇ.

'ದಿಲ್ಲ್ಯಾಗ ಹಾರ್ಸೂದಕ್ಕೂ ಮೂಲಿಗೆ ಏನೂ ಇಲ್ಲೇನ್ರಿ?'

'ಇಲ್ಲ.'

'ಧಾರವಾಡದಾಗ? ಹಳ್ಯಾಳದಾಗ?'

'ಎಲ್ಲಾ ಕಡೆ ಒಂದ ಥರ, ಸೋನುಬಾಯಿ.'

ಕೈಚಾಚಿ ಬಾವುಟ ಇಸಿದುಕೊಂಡಳು. ಹಲ್ಲಿನಿಂದ ದಾರ ಕಡಿದು ತಾನೇ ಬಿಚ್ಚತೊಡಗಿದಳು. ಬೇಡ ಎಂದೆ. ಹೀಗೆಯೇ ಹಾರಿಸುತ್ತೇನೆ, ಚನಬಸಪ್ಪ ಏನಾದರೂ ಅಂದುಕೊಳ್ಳಲಿ ಎಂದೆ. ಬಾಯಿಮಾತಿಗಲ್ಲ, ನಿಜವಾಗಿಯೇ ಅಂದೆ.

'ಬ್ಯಾಡ್ರಿ. ಸಂತಿಗೆ ಹೋದ್ರ ನಮ್ಮ ಮಾರಿ ನೋಡಿ, ನೀವು ಯಾವ ದೇಶದವರು ಅಂತ ಕೇಳ್ತಾರ. ಅಜ್ಜ ಮುತ್ತ್ಯಾನ ಕಾಲದಿಂದ ಇಲ್ಲೇ ಅದೀವಿ. ಆದ್ರೂ ಕೇಳ್ತಾರ. ಬಾವುಟಾನೂ ನಮ್ಮೂರಿಂದು ಬ್ಯಾರೆ ಆಗೂದು ಬ್ಯಾಡ. ಎಲ್ಲಾರದೂ ಹೆಂಗೈತಿ, ಹಂಗ ಇರ್ಲಿ.'

ನಾನೂ ಕೇಳಿದ್ದೆ. ಈ ಊರಿಗೆ ಬಂದ ಮೊದಲ ವಾರ, ಅವಳನ್ನೇ. ಏನೋ ತಿಳಿದುಕೊಳ್ಳುವ ಆಸೆಯಿಂದ ಕೇಳಿದೆ ಅಂದುಕೊಂಡಿದ್ದೆ ಇಷ್ಟು ದಿನ. ನಾಚಿಕೆಯಾಯಿತು. ನಾಲ್ಕು ತುಂಡನ್ನೂ ಅವಳು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು. ನಾನು ಬಾವುಟ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ.

೧೫ ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಹಾರಿತು. ಹಗ್ಗ ಒಮ್ಮೆ ಸಿಕ್ಕಿಕೊಂಡಿತು. ಜಗ್ಗಿ ಬಿಡಿಸಿದೆ. ಮಕ್ಕಳು ಬಣ್ಣಗಳ ಅರ್ಥ ಒಪ್ಪಿಸಿದರು. ಬಿಳಿಗೂ ಹಸಿರಿಗೂ ಅದಲುಬದಲು. ಪರವಾಗಿಲ್ಲ. ಮೂಲೆಗಳಲ್ಲಿ ಸೂಜಿಯ ತೂತುಗಳು ಉಳಿದಿವೆ, ಗೊತ್ತಿದ್ದವರಿಗಷ್ಟೇ ಕಾಣುತ್ತವೆ.

ಹಳಿಯಾಳದಿಂದ ಬಂದ ಅತಿಥಿ, ದೊಡ್ಡ ರುಮಾಲಿನವರು, ಕತ್ತೆತ್ತಿ ಬಹಳ ಹೊತ್ತು ನೋಡಿದರು. ಎಲ್ಲರೆದುರೇ ಕೇಳಿದರು, 'ಭಾಳ ಛಲೋ ಐತಿ. ಎಲ್ಲಿಂದ ತರಿಸಿದ್ರಿ ಮಾಸ್ತರ? ಹುಬ್ಬಳ್ಳೀದೋ, ಮುಂಬೈದೋ?'

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಸೋನುಬಾಯಿ ಎರಡು ಹೆಜ್ಜೆ ಮುಂದೆ ಬಂದಳು.

'ಎಲ್ಲಿಂದೂ ಅಲ್ರಿ,' ಎಂದಳು, 'ಇಲ್ಲೇದ.'

ಆಮೇಲೆ ಯಾರು ಏನಂದರೋ ನನಗೆ ನೆನಪಿಲ್ಲ. ಕಣ್ಣು ತುಂಬಿತ್ತು. ಈಗಲೂ ಅಕ್ಷರ ಸರಿಯಾಗಿ ಕಾಣದೆ…