ಹದಿನಾರನೆಯ ಪುಟ

೧೪ ಜುಲೈ ೨೦೨೫, ಸೋಮವಾರ. ನಿಗಡಿ.

ಧಾರವಾಡದಿಂದ ಆ ಮಕ್ಕಳ ಕಥೆಪುಸ್ತಕ ಕಳಿಸಿದ ತಂಗಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮೊಮ್ಮಗಳು ರೇಣುವಿಗೆ ಆಟಿಸಂ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೆ. ಪುಸ್ತಕ ಅವಳಂಥ ಹುಡುಗಿಯದೇ ಕಥೆಯಂತೆ. ಆ ಹುಡುಗಿ ಕೊನೆಯ, ಹದಿನಾರನೆಯ ಪುಟಕ್ಕೆಲ್ಲ ಸೀಟಿ ಕೇಳಿ ನಗುತ್ತಾಳೆ. ಬರೆದ ಪುಣ್ಯಾತ್ಮ ನಮ್ಮ ಮನೆಯಲ್ಲಿ ಒಂದು ದಿನ ಬೇಳೆ ಬೇಯಿಸಿ ನೋಡಬೇಕಿತ್ತು.

ನಿನ್ನೆ ಓದಿ ಮುಗಿಸಿದಾಗ ರೇಣು, "ಅಜ್ಜಿ, ನಾ ಯಾವಾಗ ನಗತೀನಿ?" ಎಂದಳು. ಆಗಿನಿಂದ ಅನ್ನ ರುಚಿಸಿಲ್ಲ. ನಿನ್ನೆಯದೇ ಮಾತು, ಆದರೂ ವರ್ಷವಾದಂತಿದೆ.

ಮರಾಠಿ ಶಾಲೆ ಕಲಿತವರ ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಅದೂ ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳ ಓದು, ಸಾಲಿನ ಕೆಳಗೆ ಬೆರಳಿಟ್ಟು. ಯಾರಿಗೆ ತಿಳಿದೀತು ಎಂದು ಇವತ್ತು ಕೊನೆಯನ್ನೇ ಬದಲಿಸಿದೆ. ಹುಡುಗಿ ನಗಲಿಲ್ಲ, ಅವಳ ಅಜ್ಜಿ ಕುಕ್ಕರನ್ನು ಗುಜರಿಯವನಿಗೆ ಕೊಟ್ಟುಬಿಟ್ಟಳು ಎಂದೆ.

"ಬೆರಳು ನಿಂತದ, ನೀ ಇನ್ನೂ ಮಾತಾಡ್ಲಿಕತ್ತಿ. ಇದ್ದದ್ದು ಓದು," ಎಂದಳು ರೇಣು.

ಇದ್ದದ್ದನ್ನೇ ಓದಿದೆ. ಮತ್ತೆ ಅದೇ ಪ್ರಶ್ನೆ ಬಂತು.

"ಗೊತ್ತಿಲ್ಲವ್ವಾ. ನಗದಿದ್ರೂ ನಡೀತದ."

"ಇದು ಯಾವ ಪುಟದಾಗ ಅದ?"

"ಯಾವುದರಾಗೂ ಇಲ್ಲ. ನಾನ ಹೇಳಿದ್ದು."

ಅವಳು ಎದ್ದು ಹೋಗಿ ಪೆನ್ಸಿಲ್ ತಂದುಕೊಟ್ಟಳು. ಕೊನೆಯ ಪುಟದ ಅಡಿಯಲ್ಲಿ 'ನಗದಿದ್ರೂ ನಡೀತದ' ಎಂದು ಬರೆದೆ. ನಾಲ್ಕು ಸಲ ಓದಿಸಿದಳು. ನಾಲ್ಕನೆಯ ಸಲ ನನಗೂ ಅದು ನಿಜವೇ ಇರಬೇಕು ಎನ್ನಿಸಿತು, ಆದರೆ ಬಹಳ ದಣಿದಿದ್ದೇನೆ, ನಾಳೆ ಬೆಳಿಗ್ಗೆಯೂ ಹಾಗೇ ಅನ್ನಿಸಿದರೆ ತಂಗಿಗೆ ಫೋನ್ ಮಾಡುತ್ತೇನೆ.